ನೀರಡಿಸದ ಎತ್ತುಗಳ ಚಕ್ಕಡಿ

"ಅಜ್ಜಾರ, ನನ್ನ ಗಾಡಿ ಒಂದು ಹನಿ ಡೀಸೆಲ್ ಕುಡಿಯಂಗಿಲ್ಲ, ಹೊಗೀ ಬಿಡಂಗಿಲ್ಲ. ಅಂಥಾದ್ರಾಗ ರಸ್ತೆ ರಿಪೇರಿಗೆ ನಾನ್ಯಾಕ ಕೊಡಬೇಕ್ರಿ?" ಎಂದು ಪರ್ವತಪ್ಪ ಗುರುಗಳನ್ನು ಕೇಳಿದ.

ಪರ್ವತಪ್ಪ ಬಾಡಿಗೆಗೆ ಸಾಮಾನು ಸಾಗಿಸುವವನು. ಎರಡು ವರ್ಷದ ಹಿಂದೆ ಹಳೆಯ ಗಾಡಿ ಮಾರಿ ಕರೆಂಟಿನ ಗಾಡಿ ಕೊಂಡಿದ್ದ. ಸ್ಟ್ಯಾಂಡಿನಲ್ಲಿ ಅಂಥದ್ದು ಇದ್ದದ್ದು ಅವನದೊಂದೇ. ಜೊತೆಯ ಚಾಲಕರು ಮೊದಮೊದಲು ಅದನ್ನು ಸುತ್ತು ಹಾಕಿ ನೋಡಿ ಹೊಗಳಿದರು. ಆಮೇಲೆ ಅವರ ಮಾತಿನ ವರಸೆ ಬದಲಾಯಿತು. ತಾವು ಹಾಕಿಸುವ ಡೀಸೆಲ್ಲಿನ ಬೆಲೆಯಲ್ಲೇ ರಸ್ತೆಯ ಪಾಲು ಸೇರಿರುತ್ತದೆ, ಪರ್ವತಪ್ಪ ಮಾತ್ರ ಪುಕ್ಕಟೆ ಓಡಾಡುತ್ತಾನೆ ಎಂದು ಗೊಣಗತೊಡಗಿದರು. ಹದಿನೈದು ವರ್ಷ ಒಂದೇ ಬುತ್ತಿಯಲ್ಲಿ ಕೈ ಹಾಕಿ ಉಂಡವರು ಈಗ ಚಹಾ ಕುಡಿಯುವಾಗ ಅವನಿಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಅದು ಅವನಿಗೆ ಸಂಕಟವಾಗಿತ್ತು. ಗುರುಗಳು ತನ್ನ ಪರವಾಗಿ ಒಂದು ಮಾತು ಹೇಳಿದರೆ ಸಾಕು, ಎಲ್ಲರ ಬಾಯಿ ಮುಚ್ಚಿಸಬಹುದು ಎಂದುಕೊಂಡು ಮಠಕ್ಕೆ ಬಂದಿದ್ದ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಎರಡು ಊರುಗಳ ನಡುವೆ ಒಂದು ದಿಬ್ಬವಿತ್ತು. ಒಂದೂರಿನಲ್ಲಿ ಕಾಳು ಬೆಳೆಯುತ್ತಿತ್ತು, ಇನ್ನೊಂದೂರಿನಲ್ಲಿ ಸಂತೆ ಕೂಡುತ್ತಿತ್ತು. ಆ ದಿಬ್ಬವನ್ನು ಹತ್ತಿ ಇಳಿಯುವ ದಾರಿ ಒಂದೇ. ಬೇರೆ ದಾರಿ ಹುಡುಕಿದವರು ಸಂಜೆ ಸಂತೆ ಮುಗಿದ ಮೇಲೆ ಬಂದು ಮುಟ್ಟುತ್ತಿದ್ದರು.

ಏರಿನ ನಡುವೆ ಒಂದು ಬಾವಿ. ಬಾವಿಯ ಪಕ್ಕದಲ್ಲಿ ಎತ್ತುಗಳಿಗೆ ನೀರು ಕುಡಿಸುವ ಕಲ್ಲಿನ ಬಾನಿ. ನೀರು ಸೇದಿ ಬಾನಿ ತುಂಬಿಸುವವಳು ಒಬ್ಬ ಮುದುಕಿ. ಬಾನಿಯ ಹತ್ತಿರವೇ ಗರಸಿನ, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣಿನ ಗುಡ್ಡೆ, ಅದರ ಮೇಲೊಂದು ಬುಟ್ಟಿ. ಎತ್ತುಗಳಿಗೆ ಒಂದು ಸಲ ನೀರು ಕುಡಿಸಿದವನು ಒಂದು ಬುಟ್ಟಿ ಗರಸು ಹೊತ್ತು ಹೋಗಿ ದಾರಿಯ ಗುಂಡಿಗೆ ಸುರಿಯಬೇಕು. ಅದು ಪದ್ಧತಿ. ಜನ ಅದನ್ನು ನೀರಿನ ಬುಟ್ಟಿ ಎಂದು ಕರೆಯುತ್ತಿದ್ದರು. ಹಾಗೆ ಕರೆದೂ ಕರೆದೂ ಬುಟ್ಟಿ ಇರುವುದು ನೀರಿಗಾಗಿ ಎಂದೇ ಎಲ್ಲರೂ ನಂಬಿದರು. ದಾರಿ ಮಾತ್ರ ತನ್ನ ಪಾಡಿಗೆ ತಾನು ಚೆನ್ನಾಗಿತ್ತು.

ಕಾಳು ಬೆಳೆಯುವ ಊರಿನಲ್ಲಿ ಒಬ್ಬ ಚಕ್ಕಡಿಯವನಿದ್ದ. ಒಳ್ಳೆಯ ಮನುಷ್ಯ. ಎತ್ತುಗಳ ಮೇಲೆ ಬಹಳ ಪ್ರೀತಿ. ಏರು ಹತ್ತುವಾಗ ಅವುಗಳ ಬಾಯಲ್ಲಿ ನೊರೆ ಬಂದರೆ ಅವನಿಗೆ ನೋಡಲಾಗುತ್ತಿರಲಿಲ್ಲ. ಅವನು ಒಬ್ಬ ಜಾಣ ಬಡಿಗನನ್ನು ಹಿಡಿದು ಹೊಸ ಚಕ್ಕಡಿ ಮಾಡಿಸಿದ. ಬಡಿಗ ಅಚ್ಚಿನಲ್ಲಿ ಉಕ್ಕಿನ ಗುಂಡುಗಳನ್ನು ಕೂರಿಸಿದ. ಗಾಲಿಗಳು ಬೆರಳು ತಾಗಿಸಿದರೆ ತಿರುಗಿದವು. ಕಿರುಗುಟ್ಟುವ ಸದ್ದೂ ಇಲ್ಲ. ಎತ್ತುಗಳು ಏರು ಹತ್ತಿ ಇಳಿದರೂ ದಣಿಯಲಿಲ್ಲ. ಬೆಳಗ್ಗೆ ಕೊಟ್ಟಿಗೆಯಲ್ಲಿ ಕುಡಿದ ನೀರೇ ಸಂಜೆಯವರೆಗೆ ಸಾಕಾಯಿತು.

ಚಕ್ಕಡಿಯವನಿಗೆ ಹಿಡಿಸಲಾರದಷ್ಟು ಸಂತೋಷ. ಬಾನಿಯ ಹತ್ತಿರ ನಿಲ್ಲುವ ಕೆಲಸವೇ ಇರಲಿಲ್ಲ. ಮುದುಕಿಗೆ ಕೈಯೆತ್ತಿ ನಮಸ್ಕಾರ ಮಾಡಿ ಮುಂದೆ ಹೋಗುತ್ತಿದ್ದ. ಎತ್ತುಗಳು ದಣಿಯದಿದ್ದರೆ ಮನುಷ್ಯ ಸುಮ್ಮನಿರುತ್ತಾನೆಯೇ? ಹನ್ನೆರಡು ಚೀಲ ಹೇರುತ್ತಿದ್ದವನು ಹದಿನೆಂಟು ಹೇರತೊಡಗಿದ. ಆಗಲೂ ಅವು ಕತ್ತು ಆಡಿಸುತ್ತ ನಡೆದವು.

ಅವನನ್ನು ನೋಡಿ ಇನ್ನೂ ಐದಾರು ಮಂದಿ ಬಡಿಗನ ಮನೆಯ ಮುಂದೆ ನಿಂತರು. ಅವರ ಎತ್ತುಗಳೂ ನೀರು ಕೇಳಲಿಲ್ಲ. ಗರಸಿನ ಗುಡ್ಡೆ ಇದ್ದಷ್ಟೇ ಉಳಿಯಿತು, ದಾರಿಯ ಗುಂಡಿಗಳು ಬೆಳೆದವು. ಹಳೆಯ ಚಕ್ಕಡಿಗಳವರು ಮುಖ ಗಂಟು ಹಾಕಿದರು. ಸಂತೆಯಲ್ಲಿ ಚಕ್ಕಡಿಯವನಿಗೆ ಸಾಲಿನಲ್ಲಿ ಜಾಗ ಬಿಡಲಿಲ್ಲ. ಚೀಲ ಇಳಿಸುವಾಗ ಯಾರೂ ಹೆಗಲು ಕೊಡಲಿಲ್ಲ. ಅವನು ಹದಿನೆಂಟು ಚೀಲವನ್ನೂ ಒಬ್ಬನೇ ಇಳಿಸಿದ.

ಹಿರಿಯರು ಬಾನಿಯ ಹತ್ತಿರ ಸಭೆ ಸೇರಿದರು. ಬಹಳ ಹೊತ್ತು ತಲೆ ಕೆಡಿಸಿಕೊಂಡು ಒಂದು ತೀರ್ಮಾನಕ್ಕೆ ಬಂದರು. ಎಲ್ಲ ಎತ್ತುಗಳೂ ಇಲ್ಲಿ ನೀರು ಕುಡಿದೇ ಹೋಗಬೇಕು. ಕುಡಿದರೆ ಬುಟ್ಟಿ ತಾನಾಗಿ ಬೀಳುತ್ತದೆ.

ಚಕ್ಕಡಿಯವನ ಎತ್ತುಗಳನ್ನು ನೊಗದಿಂದ ಬಿಚ್ಚಿ ಬಾನಿಯ ಮುಂದೆ ನಿಲ್ಲಿಸಿದರು. ಅವು ನೀರನ್ನು ಮೂಸಿ ನೋಡಿ ಮುಖ ತಿರುಗಿಸಿದವು. ಇಬ್ಬರು ಕೊಂಬು ಹಿಡಿದು ಬಗ್ಗಿಸಿದರು. ಎತ್ತಿಗೆ ಹಿರಿಯರ ತೀರ್ಮಾನ ಹೇಗೆ ತಿಳಿಯಬೇಕು? ಒಂದು ಎತ್ತು ಮೂತಿ ಮುಳುಗಿಸಿ ಜೋರಾಗಿ ಸೀನಿತು. ಎದುರು ನಿಂತಿದ್ದ ಊರ ಗೌಡರ ಧೋತರ ಮೊಣಕಾಲಿನವರೆಗೆ ತೊಯ್ದಿತು. ನಗಬಾರದೆಂದು ತಡೆದುಕೊಂಡವರೂ ನಕ್ಕರು.

ಗೌಡರು ನಗಲಿಲ್ಲ. ಹೊಸ ಚಕ್ಕಡಿಗಳವರು ನೀರು ಕುಡಿಸಲಿ ಬಿಡಲಿ, ಎರಡೆರಡು ಬುಟ್ಟಿ ಹಾಕಬೇಕು ಎಂದರು. ಎರಡೇ ಏಕೆ ಎಂದು ಯಾರೋ ಕೇಳಿದರು. ಗೌಡರು ಧೋತರ ಹಿಂಡುತ್ತ ನಿಂತರು.

ಚಕ್ಕಡಿಯವನಿಗೆ ಸಿಟ್ಟು ಬಂತು. "ನನ್ನ ಎತ್ತು ನೀರು ಕುಡಿಯಂಗಿಲ್ಲ. ಎಲ್ಲಾರೂ ಕಣ್ಣಾರೆ ನೋಡಿದ್ರಿ. ಕುಡಿಯದ ನೀರಿಗೆ ಬುಟ್ಟಿ ಯಾಕ ಹಾಕ್ಲಿ?"

ಮಾತು ಸರಿಯಾಗಿಯೇ ಇತ್ತು. ಆಗ ಮುದುಕಿ ಹಗ್ಗವನ್ನು ರಾಟೆಯ ಮೇಲೆ ಬಿಟ್ಟು ಇತ್ತ ತಿರುಗಿದಳು.

"ನೀರಿಗೆ ಬುಟ್ಟಿ ಕೇಳಿದವರು ಯಾರಪ್ಪಾ? ದಣಿದ ಎತ್ತಿಗೆ ನೀರು ಮಾರೂ ಮಂದಿ ಅಲ್ಲ ನಾವು. ನಮ್ಮ ಮಾವ ಈ ದಾರಿ ಕಡಿಸಿದಾಗ ಚಕ್ಕಡಿ ನಿಲ್ಲೂ ಜಾಗಾ ಇದೊಂದ ಇತ್ತು. ಓಡೂ ಚಕ್ಕಡಿ ಹಿಂದ ಓಡಿ ಕೇಳೂದಕ್ಕಿಂತ ನಿಂತವರನ್ನ ಕೇಳೂದು ಸಲೀಸು. ಅದಕ್ಕ ಇಲ್ಲಿ ಕೇಳಿದ. ಬುಟ್ಟಿ ದಾರಿದು, ನೀರಿಂದಲ್ಲ."

ಚಕ್ಕಡಿಯವನು, "ಹಂಗಾದ್ರ ನಾ ಎಷ್ಟು ಹಾಕಬೇಕವ್ವಾ?" ಎಂದ.

"ನನ್ನನ್ನ ಕೇಳಬ್ಯಾಡ. ಎಂದೂ ಚಕ್ಕಡಿ ಮ್ಯಾಲೆ ಕುಂತು ಹೋಗಾವ, ಇವತ್ತೊಂದಿನ ಅದರ ಹಿಂದ ನಡಕೋತ ಹೋಗಿ ನೋಡು."

ಅವನು ಎತ್ತುಗಳನ್ನು ಮತ್ತೆ ಹೂಡಿ ಹಗ್ಗವನ್ನು ಪಕ್ಕದವನ ಕೈಗೆ ಕೊಟ್ಟ. ಇಷ್ಟು ವರ್ಷ ಎತ್ತುಗಳ ಬೆನ್ನು ನೋಡಿಕೊಂಡು ಆ ದಾರಿಯಲ್ಲಿ ಹೋದವನು ಮೊದಲ ಸಲ ತನ್ನ ಗಾಲಿಗಳ ಹಿಂದೆ ನಡೆದ. ಹಳೆಯ ಚಕ್ಕಡಿಗಳ ಜಾಡು ಒಂದು ಬೆರಳಿನಷ್ಟು ಇಳಿದಿತ್ತು. ಹದಿನೆಂಟು ಚೀಲ ಹೊತ್ತ ಅವನ ಗಾಲಿ ಒಂದೂವರೆ ಬೆರಳಿನಷ್ಟು ಇಳಿಯುತ್ತಿತ್ತು. ಗಾಲಿ ಸದ್ದು ಮಾಡುತ್ತಿರಲಿಲ್ಲ, ಅಷ್ಟೇ.

ಜಾಡುಗಳ ನಡುವೆ ಇನ್ನೊಂದು ಜಾಡು ಕಂಡಿತು, ಕಂಡೂ ಕಾಣದ ಹಾಗೆ. ಅದು ಕುಂಬಾರನದು. ಅವನ ಚಕ್ಕಡಿಯಲ್ಲಿ ಇರುತ್ತಿದ್ದದ್ದು ಹುಲ್ಲಿನ ನಡುವೆ ಇಪ್ಪತ್ತು ಮಡಕೆ. ಆದರೆ ಅವನ ಎತ್ತುಗಳು ಮುದಿಯಾಗಿದ್ದವು. ಹೋಗುವಾಗಲೂ ನೀರು ಬೇಕು, ಬರುವಾಗಲೂ ಬೇಕು. ದಾರಿಗೆ ಗೆರೆಯನ್ನೂ ಎಳೆಯದ ಕುಂಬಾರ ದಿನಕ್ಕೆ ಎರಡು ಬುಟ್ಟಿ ಹೊತ್ತಿದ್ದ. ಯಾರಿಗೂ ಅದು ತಪ್ಪು ಅನಿಸಿರಲಿಲ್ಲ, ಕುಂಬಾರನಿಗೂ ಅನಿಸಿರಲಿಲ್ಲ. ಚಕ್ಕಡಿಯವನಿಗೆ ನಿಜವಾಗಿ ನಾಚಿಕೆಯಾದದ್ದು ಆಗ. ತಾನು ಸುರಿಯಬೇಕಾಗಿದ್ದ ಗರಸನ್ನು ಆ ಮುದಿ ಎತ್ತುಗಳ ಬಾಯಾರಿಕೆ ಸುರಿದಿತ್ತು.

ಅವನು ತಿರುಗಿ ಬಂದು ತಾನು ಕಂಡದ್ದನ್ನು ಸಭೆಗೆ ಹೇಳಿದ. ಗರಸಿನ ಗುಡ್ಡೆಯನ್ನು ಬಾನಿಯ ಹತ್ತಿರದಿಂದ ತೆಗೆದು ದಿಬ್ಬದ ನೆತ್ತಿಗೆ ಸಾಗಿಸೋಣ ಎಂದ. ನೀರಡಿಸಿದರೂ ನೀರಡಿಸದಿದ್ದರೂ ಅಲ್ಲಿಂದ ಎಲ್ಲರೂ ಹಾಯಲೇಬೇಕು. ಹನ್ನೆರಡು ಚೀಲದ ಭಾರಕ್ಕೆ ಒಂದು ಬುಟ್ಟಿ ಎಂದು ಗೊತ್ತು ಮಾಡಿದರು. ಹಳೆಯ ಚಕ್ಕಡಿಗಳಿಗೆ ಮೊದಲಿನಂತೆ ಒಂದು. ಚಕ್ಕಡಿಯವನಿಗೆ ಒಂದೂವರೆ. ಕುಂಬಾರನಿಗೆ ಕಾಲು ಬುಟ್ಟಿ. ಅಷ್ಟಕ್ಕೇ ಬಿಟ್ಟಾಗ ಕುಂಬಾರ ನಂಬದೆ ಬುಟ್ಟಿಯನ್ನು ಇನ್ನೊಮ್ಮೆ ಇಣುಕಿ ನೋಡಿದ. ಬಾನಿಯ ನೀರು ಯಾವ ಬುಟ್ಟಿಯ ಹಂಗೂ ಇಲ್ಲದೆ ಎಲ್ಲ ಎತ್ತುಗಳಿಗೂ ಸಿಕ್ಕಿತು.

ಗುಡ್ಡೆ ಸಾಗಿಸಲು ಚಕ್ಕಡಿಯವನು ತನ್ನ ಹೊಸ ಚಕ್ಕಡಿಯನ್ನೇ ಕೊಟ್ಟ. ಹಳೆಯ ಅಚ್ಚಿಗೆ ಮರಳು ಎಂದು ಅವನಿಗೆ ಯಾರೂ ಹೇಳಲಿಲ್ಲ. ಗೌಡರೇ ಮುಂದಿನ ಸುಗ್ಗಿಗೆ ತಮಗೂ ಅಂಥದ್ದೊಂದು ಚಕ್ಕಡಿ ಬೇಕೆಂದು ಬಡಿಗನಿಗೆ ಹೇಳಿ ಕಳಿಸಿದರು. ಮಳೆಗಾಲ ಬರುವುದರೊಳಗೆ ದಾರಿ ಸಪಾಟಾಯಿತು. ಸಂತೆಯಲ್ಲಿ ಅವನ ಚಕ್ಕಡಿ ಬಂದಾಗ ಸಾಲು ಸರಿದು ಜಾಗ ಬಿಟ್ಟಿತು. ಚೀಲ ಇಳಿಸುವಾಗ ನಾಲ್ಕು ಹೆಗಲು ಬಂದವು. ಅವನು ಅಂದು ಹೊಟ್ಟೆ ತುಂಬ ಉಂಡು, ಚಕ್ಕಡಿಯ ನೆರಳಿನಲ್ಲಿ ಎಲ್ಲರ ನಡುವೆ ಮಲಗಿ ನಿದ್ದೆ ಮಾಡಿದ.

ಗುರುಗಳು ಕತೆ ನಿಲ್ಲಿಸಿದರು. ಪರ್ವತಪ್ಪನ ಮುಖ ಅರಳಿತ್ತು. ಅವನಿಗೆ ಕುಂಬಾರನೂ ಹಿಡಿಸಿದ್ದ, ಧೋತರ ತೋಯಿಸಿಕೊಂಡ ಗೌಡರೂ ಹಿಡಿಸಿದ್ದರು. ಆದರೂ ಒಳಗೆ ಒಂದು ಸಣ್ಣ ಎಳೆ ಉಳಿದಿತ್ತು.

"ಕತಿ ಖರೇ ಐತ್ರಿ ಅಜ್ಜಾರ. ಆದ್ರ ನಮ್ಮೂರಾಗ ಅಂಥಾ ದಿಬ್ಬದ ನೆತ್ತಿ ಎಲ್ಲೈತ್ರಿ? ನಾನು ಮನ್ಯಾಗ ಚಾರ್ಜ್ ಮಾಡ್ತೀನಿ, ಬೆಳಿಗ್ಗೆ ಎದ್ದು ಹೊಂಟುಬಿಡ್ತೀನಿ. ನನ್ನನ್ನ ಎಲ್ಲಿ ಹಿಡಿದು ಕೇಳ್ತಾರ?"

ಗುರುಗಳು ನಕ್ಕರು.

"ಕೇಳೂ ಮಂದಿಗಿನ್ನೂ ಆ ಜಾಗಾ ಸಿಕ್ಕಿಲ್ಲ ತಮ್ಮಾ, ನೀನ ನೋಡಿದ್ರ ಯಾರೂ ಹಿಡೀದ ಇಲ್ಲಿತನಕ ಬಂದು ನಿಂತೀ."

ಪರ್ವತಪ್ಪ ನಮಸ್ಕಾರ ಮಾಡಿ ಹೊರಗೆ ಬಂದ, ಗಾಡಿ ಹತ್ತುವ ಮೊದಲು ಅದರ ಹಿಂದೆ ಹೋಗಿ ಗಾಲಿಯ ಜಾಡನ್ನು ಬಗ್ಗಿ ನೋಡಿದ.