ಹೊಳೆ ಎಂಬ ಹೆಸರು

"ಗುರುಗಳೇ, ನಾನು ಮಾಡಿದ ತಂತ್ರಾಂಶಕ್ಕೆ 'ಬೆಳಕು' ಎಂದು ಹೆಸರಿಡಬೇಕೆಂದಿದ್ದೇನೆ. ಈ ಹೆಸರಿನಲ್ಲಿ ಹುಡುಕಿದರೆ ಬೇರೆ ಏನೇನೋ ಬರುತ್ತದೆ ಎನ್ನುತ್ತಾರೆ. ಬೇಕಾದವರು ಹೇಗಾದರೂ ಹುಡುಕಿಕೊಳ್ಳುವುದಿಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಒಂದು ಊರಿನ ಮಾರುಕಟ್ಟೆಯಲ್ಲಿ ತರಕಾರಿ ಹರಾಜು ಕೂಗುವವನೊಬ್ಬನಿದ್ದ. ಅವನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತು ಹೋಯಿತು. ಅಕ್ಷರಗಳೂ ಮರೆತುಹೋದವು. ಬೇಕಾದದ್ದನ್ನು ಕೇಳಲಾಗದೆ ಮಂಚದ ಮೇಲೆ ಒದ್ದಾಡುತ್ತಿದ್ದ. ಹೆಂಡತಿ ನೀರು ತಂದರೆ ಬೇಡವೆಂದು ತಲೆಯಾಡಿಸುತ್ತಿದ್ದ, ಗಂಜಿ ತಂದರೂ ತಲೆಯಾಡಿಸುತ್ತಿದ್ದ. ಕೊನೆಗೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ.

ಆಸ್ಪತ್ರೆಯ ದಾದಿಯೊಬ್ಬಳು ಹೆಂಡತಿಗೆ ಹೇಳಿದಳು: "ಫೋನಿಗೆ 'ಹೊಳೆ' ಅಂತ ಒಂದು ಬಂದಿದೆಯಮ್ಮ. ಚಿತ್ರ ಮುಟ್ಟಿದರೆ ಸಾಕು, ಅವರ ಬದಲು ಅದೇ ಮಾತಾಡುತ್ತದೆ. ದುಡ್ಡೂ ಕೊಡಬೇಕಾಗಿಲ್ಲ."

ಅದನ್ನು ಮಾಡಿದವನು ಬುದ್ಧಿವಂತ. ಮಾತು ಹೊಳೆಯಂತೆ ಹರಿಯಲಿ ಎಂದು ಆ ಹೆಸರಿಟ್ಟಿದ್ದ.

ಹೆಂಡತಿ ಮನೆಗೆ ಬಂದು ಫೋನಿನಲ್ಲಿ ಹೊಳೆ ಎಂದು ಹುಡುಕಿದಳು. ನೆರೆಯ ಸುದ್ದಿ ಬಂತು, ಕುಸಿದ ಸೇತುವೆ ಬಂತು, ಮೀನಿನ ಸಾರು ಮಾಡುವ ಬಗೆ ಬಂತು. ಮತ್ತೆ ಮತ್ತೆ ಹುಡುಕಿದಳು. ತನಗೇ ತಿಳಿಯುತ್ತಿಲ್ಲವೆಂದು ನಾಚಿಕೊಂಡಳು. ಆಸ್ಪತ್ರೆಗೆ ಹೋಗಿ ಕೇಳಿದಳು. ಆ ದಾದಿಗೆ ವರ್ಗವಾಗಿತ್ತು, ಉಳಿದವರಿಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಗಂಡ ಎದೆ ಮುಟ್ಟಿ ಮುಟ್ಟಿ ತೋರಿಸಿದ. ಚಳಿಯಾಗುತ್ತಿದೆಯೇನೋ ಎಂದು ಅವಳು ಕಂಬಳಿ ಹೊದಿಸಿದಳು. ಅವನು ಅದನ್ನು ಕಿತ್ತೆಸೆದ. ಅವಳು ಮತ್ತೆ ಹೊದಿಸಿದಳು. ಅದು ಎದೆನೋವು ಎಂದು ತಿಳಿಯುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

ಮುಂದೆ ಆ ಬುದ್ಧಿವಂತ ತನ್ನ ಕೆಲಸದ ಬಗ್ಗೆ ಮಾತಾಡಲು ಅದೇ ಊರಿಗೆ ಬಂದ. ಅವಳು ಸಭೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು.

ಅವನು ನೊಂದುಕೊಂಡ. ಆದರೂ ಹೇಳಿದ: "ಹೊಳೆಯ ಜೊತೆಗೆ ತಂತ್ರಾಂಶ ಅಂತ ಸೇರಿಸಬೇಕಿತ್ತಮ್ಮ. ಆಗ ಮೊದಲು ಅದೇ ಬರುತ್ತಿತ್ತು."

"ಆ ಪದ ನನಗೆ ಯಾರು ಹೇಳಿಕೊಟ್ಟಿದ್ದರಪ್ಪ?" ಎಂದಳು ಅವಳು.

"ಆಮೇಲಾದರೂ ಅವನು ಹೆಸರು ಬದಲಾಯಿಸಿದನೇ?" ಎಂದು ಶಿಷ್ಯ ಕೇಳಿದ.

"ಇಲ್ಲ," ಎಂದರು ಗುರುಗಳು, "ಹೆಸರನ್ನು ಹೊಗಳುವವರು ಅವನಿಗೆ ದಿನವೂ ಸಿಗುತ್ತಿದ್ದರು."