ಹಿಂಡದ ಹರಿವೆ

ಈ ಕತೆಯಲ್ಲಿ ಕೋಳಿ ಬೇಯುವುದು ಒಂದು ಆಶ್ರಮದಲ್ಲಿ; ಆಶ್ರಮದಲ್ಲಿ ಕೋಳಿಯೇ ಎಂದು ಹುಬ್ಬೇರಿಸಬೇಡಿ. ಹೊಳೆದಂಡೆಯ ಆ ಆಶ್ರಮದಲ್ಲಿ ಕಲಿಸುತ್ತಿದ್ದ ವಿದ್ಯೆಯೇ ಅಡುಗೆ. ಗುರು ಬಾಗಿಯಕ್ಕ.

ಬಾಗಿಯಕ್ಕನಿಗೆ ವಯಸ್ಸಾಗಿ ಕೈ ನಡುಗತೊಡಗಿತ್ತು. ತಮ್ಮ ಜಾಗದಲ್ಲಿ ನಿಂತು ಕಲಿಸಲು ಅವರಿಗೆ ಒಬ್ಬಳು ಬೇಕಿತ್ತು. ಆ ಒಬ್ಬಳು ತಾನೇ ಎಂದು ಹಿರಿಯ ಶಿಷ್ಯೆ ವಾರಿಜ ಎಂದೋ ತೀರ್ಮಾನಿಸಿಬಿಟ್ಟಿದ್ದಳು. ಆದರೆ ಮೊನ್ನೆ ಮೊನ್ನೆ ಬಂದ ಜೆಸಿಂತಳ ಸಾರಿಗೆ ಗುರು ಎರಡನೇ ಸಲ ತಟ್ಟೆ ಒಡ್ಡಿದ್ದರು. ಅಂದಿನಿಂದ ವಾರಿಜಳಿಗೆ ಊಟವೇ ಸೇರುತ್ತಿರಲಿಲ್ಲ.

"ಪಾಸ್ತಾ, ಕೋಳಿ, ಕೆಂಪು ಹರಿವೆ ಸೊಪ್ಪು. ಮೇಲೆ ಚೀಸ್ ಹಾಕಿ ಓವನ್ನಿಗೆ ಇಡಿ," ಎಂದರು ಬಾಗಿಯಕ್ಕ ಒಂದು ಬೆಳಿಗ್ಗೆ. "ಇಬ್ಬರೂ ಒಂದೊಂದು ಟ್ರೇ ಮಾಡಿ. ನೋಡುವ."

ಇಬ್ಬರೂ ಎದುರುಬದುರು ನಿಂತರು. ಜೆಸಿಂತ ಕೋಳಿಯನ್ನು ಎಳೆಎಳೆಯಾಗಿ ಬಿಡಿಸುವ ಚೆಂದ ನೋಡಿ ವಾರಿಜಳ ಹೊಟ್ಟೆ ಉರಿಯಿತು. ಅವಳ ಬಿಳಿ ಸಾಸ್‌ನಲ್ಲಿ ಹೆಸರಿಗೂ ಒಂದು ಗಂಟಿಲ್ಲ. ಹಾಳಾದವಳು, ಇದನ್ನೆಲ್ಲ ಯಾವಾಗ ಕಲಿತಳು?

ಅಷ್ಟರಲ್ಲಿ ಜೆಸಿಂತ ಬೇಯಿಸಿದ ಹರಿವೆಯನ್ನು ಹಿಂಡದೆ, ನೀರಿನ ಸಮೇತ ಪಾಸ್ತಾದ ಮೇಲೆ ಹರಡಿದಳು. ಅದರ ಮೇಲೆ ಸಾಸ್ ಸುರಿದು, ಚೀಸ್ ಮುಚ್ಚಿದಳು.

ವಾರಿಜಳ ಕೈ ನಿಂತಿತು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು, ತನ್ನ ಸೊಪ್ಪನ್ನು ಇನ್ನೊಮ್ಮೆ ಗಟ್ಟಿಯಾಗಿ ಹಿಂಡಿದಳು. ಬಹಳ ದಿನಗಳ ಮೇಲೆ ಅವಳಿಗೆ ಹಾಯೆನಿಸಿತು.

ಓವನ್ನಿನಿಂದ ಹೊರಬಂದಾಗ ಎರಡು ಟ್ರೇಗಳದ್ದೂ ಒಂದೇ ಹೊಂಬಣ್ಣ. ಬಾಗಿಯಕ್ಕ ಚಮಚ ಇಳಿಸಿದರು. ವಾರಿಜಳದ್ದು ಅಲುಗದೆ ನಿಂತಿತು. ಜೆಸಿಂತಳದ್ದರಲ್ಲಿ ಕೆಂಪು ನೀರು ಉಕ್ಕಿ ಚೀಸ್ ತೇಲಿತು. ಅವಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

"ಅವಳು ಸೊಪ್ಪು ಹಿಂಡಲೇ ಇಲ್ಲ ಅಕ್ಕ," ಎಂದಳು ವಾರಿಜ.

"ನೀನು ಯಾವಾಗ ನೋಡಿದ್ದು?"

"ಹಾಕುವಾಗಲೇ ನೋಡಿದೆ."

ಬಾಗಿಯಕ್ಕ ವಾರಿಜಳ ಟ್ರೇಯಿಂದ ಒಂದು ಚಮಚ ತಿಂದು, ಉಳಿದದ್ದನ್ನು ಜೆಸಿಂತಳ ಮುಂದಿಟ್ಟರು. "ತಿನ್ನು ಮಗಾ. ಇದು ಹೀಗಿರಬೇಕು." ನೀರಾದದ್ದನ್ನು ತಾವೇ ಬಡಿಸಿಕೊಂಡು ತಿನ್ನತೊಡಗಿದರು.

ವಾರಿಜಳಿಗೆ ತಡೆಯಲಾಗಲಿಲ್ಲ. "ನನ್ನದು ಸರಿ ಬಂದಿದೆ ಅಲ್ವಾ ಅಕ್ಕ? ಹಾಗಾದ್ರೆ ನಿಮ್ಮ ಜಾಗ ನನಗಲ್ವಾ?"

"ನಿನ್ನದು ಎಂಥ ರುಚಿ ಮಾರಾಯ್ತಿ, ನನಗೂ ಹಾಗೆ ಬರುವುದಿಲ್ಲ," ಎಂದರು ಬಾಗಿಯಕ್ಕ. "ಸೊಪ್ಪು ಹಿಂಡಬೇಕು ಅಂತ ಅವಳಿಗೆ ಒಂದು ಮಾತಲ್ಲಿ ಕಲಿಸಬಹುದು. ಆ ಮಾತನ್ನು ನಿನ್ನ ಬಾಯಿಂದ ಹೊರಡಿಸುವುದು ಹೇಗೆ ಅಂತ ಇಷ್ಟು ವರ್ಷವಾದರೂ ನನಗೆ ಗೊತ್ತಾಗಲಿಲ್ಲ."