ಗೌಡರ ಜೀಪಿನ ಎತ್ತರದ ಸೀಟು

ಗದಿಗೆಪ್ಪಗೌಡರು ತಮ್ಮ ಹಳೆಯ ಜೀಪಿಗೆ ದೊಡ್ಡ ಕಾರೊಂದರ ಸೀಟುಗಳನ್ನು ತಂದರು.

"ಹಂಗೇ ಕೂಡಿಸಿದ್ರ ಎತ್ತರ ಆಗ್ತಾವ್ರೀ ಗೌಡ್ರ. ಸೀಟಿನ ಕಾಲು ಕತ್ತರಸ್ತೀನಿ," ಎಂದ ಮೆಕ್ಯಾನಿಕ್ ದಾವಲಸಾಬ.

"ನನ್ನ ಸೀಟು ಮುಟ್ಟಿದ್ರ ನಿನ್ನ ಶೆಡ್ ಕಿತ್ತಸ್ತೀನಿ! ಡ್ರೈವರನಕಿಂತ ನಾ ಎತ್ತರ ಕೂಡಬೇಕು."

ದಾವಲಸಾಬ ಡ್ರೈವರನ ಸೀಟಿನ ಕಾಲನ್ನಷ್ಟೇ ಕತ್ತರಿಸಿದ. ಗೌಡರದನ್ನು ಹಾಗೇ ಕೂಡಿಸಿದ. ಆಮೇಲೆ ತಾನೇ ಸ್ಟೇರಿಂಗ್ ಹಿಡಿದು, ಗೌಡರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಸಂತೆಯ ನಡುವೆ ನಿಧಾನವಾಗಿ ಹೊರಟ. ಗೌಡರ ಮುಖ ಜೀಪಿನ ಛಾವಣಿಯ ಮರೆಗೆ ಸರಿದಿತ್ತು. ಗಾಜಿನಲ್ಲಿ ಬಿಳಿ ಜುಬ್ಬಾದ ಹೊಟ್ಟೆಯಷ್ಟೇ ಕಾಣುತ್ತಿತ್ತು.

"ನಮಸ್ಕಾರ ದಾವಲಣ್ಣ! ಜೀಪ್ ಯಾವಾಗ ತಗೊಂಡಿ? ಬಾಜೂಕ ಇಟ್ಟಿದ್ದು ಹತ್ತಿ ಚೀಲೇನು?" ಎಂದರು ಜನ.

ಗೌಡರು ಬಗ್ಗಿ ಮುಖ ಹೊರಹಾಕಿದರು. ಸಂತೆಯೆಲ್ಲ ನಕ್ಕಿತು. ಕಡೆಗೆ ಅವರಿಗೂ ನಗು ತಡೆಯಲಾಗಲಿಲ್ಲ.

"ಕತ್ತರಿಸೋ ಮಾರಾಯಾ! ನಿನಕಿಂತ ಎರಡು ಬೆರಳು ಕೆಳಗಾದ್ರೂ ಚಿಂತಿಲ್ಲ!"